ನನ್ನನ್ನು ಕೇಳದೆ ಬಂದ ತೀರ್ಪು

ಕೋರ್ಟಿನ ಅಮೀನ ನನ್ನ ಅಂಗಡಿಗೆ ಬಂದಾಗ ನಾನು ಒಂದು ಟ್ರ್ಯಾಕ್ಟರಿನ ಡೀಸೆಲ್ ಪಂಪು ಬಿಚ್ಚಿಕೊಂಡು ಕೂತಿದ್ದೆ. ಮೊಣಕೈವರೆಗೂ ಎಣ್ಣೆ. ಅವನು ಬಾಗಿಲಲ್ಲೇ ನಿಂತು ನನ್ನ ಹೆಸರನ್ನು ಅಪ್ಪನ ಹೆಸರಿನ ಸಮೇತ ಓದಿದ. ದಾವಣಗೆರೆಯಲ್ಲಿ ಯಾರೂ ನನ್ನನ್ನು ಹಾಗೆ ಕರೆಯುವುದಿಲ್ಲ. ಪಂಪಿನ ಯಜಮಾನ್ರು ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳಲು ನನಗೆ ಅರ್ಧ ಆಯುಷ್ಯ ಹಿಡಿದಿದೆ.

"ಏನ್ರೀ ಅದು?" ಅಂದೆ.

"ಸಮನ್ಸ್. ಹರಿಹರ ಕೋರ್ಟಿಂದ. ಇಲ್ಲೊಂದು ಸೈನ್ ಹಾಕ್ರಿ."

"ನನ್ ಮ್ಯಾಲೆ ಯಾರು ಕೇಸ್ ಹಾಕ್ಯಾರ?"

"ನನಗೇನು ಗೊತ್ರಿ ಯಜಮಾನ್ರೇ, ನಾನು ತಂದು ಕೊಡಾವ ಅಷ್ಟ."

ಕೈ ಒರೆಸಿಕೊಂಡು, ಓದದೆ ಸೈನ್ ಹಾಕುವುದಿಲ್ಲ ಅಂತ ಹೇಳಿ, ಅವನನ್ನು ಅಲ್ಲೇ ನಿಲ್ಲಿಸಿ ಓದಿದೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಕನ್ನಡ ಓದುವುದಕ್ಕೆ ಯಾರ ಹಂಗೂ ಇಲ್ಲ. ವಾದಿ ಅನ್ನುವ ಕಡೆ ನನ್ನ ತಮ್ಮನ ಹೆಂಡತಿಯ ಹೆಸರಿತ್ತು. ಒಂದನೇ ಪ್ರತಿವಾದಿ ನಮ್ಮವ್ವ. ಎರಡನೇ ಪ್ರತಿವಾದಿ ನಾನು. ಕೆಳಗೆ ಉದ್ದಕ್ಕೆ ಬರೆದಿದ್ದರು: ಪರದೇಶದ ನ್ಯಾಯಾಲಯ ಕೊಟ್ಟಿರುವ ತೀರ್ಪನ್ನು ಮಾನ್ಯ ಮಾಡಿ, ವಾದಿಯ ಗಂಡ ಮೃತಪಟ್ಟಿದ್ದಾನೆಂದು ಘೋಷಿಸಬೇಕು.

ನಮ್ಮ ಮನೆಯವಳೇ, ಭಾನುವಳ್ಳಿಯಲ್ಲಿ ನಮ್ಮವ್ವನ ಜೊತೆ ಒಂದೇ ಒಲೆಯಲ್ಲಿ ಉಣ್ಣುವವಳು, ನನ್ನನ್ನೂ ನಮ್ಮವ್ವನನ್ನೂ ಕೋರ್ಟಿಗೆ ಎಳೆದಿದ್ದಳು. ಟ್ರ್ಯಾಕ್ಟರಿನವನು "ಏನು ಸುದ್ದಿ?" ಅಂದ. "ಏನಿಲ್ಲ, ನಾಳೆ ಬಾ" ಅಂದೆ. ಪಂಪನ್ನು ಹಾಗೇ ಬಿಚ್ಚಿಟ್ಟು ಅಂಗಡಿ ಮುಚ್ಚಿದೆ. ಬಿಚ್ಚಿದ ಕೆಲಸ ಬಿಟ್ಟು ನಾನು ಯಾವತ್ತೂ ಎದ್ದವನಲ್ಲ.

ತಮ್ಮ ನನ್ನ ಕೈಕೆಳಗೇ ಕೆಲಸ ಕಲಿತವನು. ಆಮೇಲೆ ಕೊಲ್ಲಿ ದೇಶಕ್ಕೆ ಹೋಗಿ ಒಂದು ಸರಕು ಸಾಗಿಸುವ ಬೋಟಿನಲ್ಲಿ ಎಂಜಿನ್ ಮೆಕ್ಯಾನಿಕ್ ಆದ. ಒಂದು ದಿನ ಗಾಳಿಗೆ ಬೋಟು ಮಗುಚಿತು ಅಂತ ಸುದ್ದಿ ಬಂತು. ಕೆಲವರು ಬದುಕಿದರು. ಕೆಲವರ ಹೆಣ ಸಿಕ್ಕಿತು. ಇನ್ನು ಕೆಲವರದು ಎರಡೂ ಇಲ್ಲ. ನನ್ನ ತಮ್ಮ ಆ ಸಿಗದವರಲ್ಲಿ ಒಬ್ಬ. ಅಲ್ಲಿನ ಕೋರ್ಟು ಒಂದಷ್ಟು ಕಾಲ ಕಾದು, ಪೊಲೀಸರನ್ನೂ ಬದುಕಿದವರನ್ನೂ ಕೇಳಿ, ಸಿಗದವರೆಲ್ಲ ಸತ್ತಿದ್ದಾರೆ ಅಂತ ತೀರ್ಪು ಬರೆಯಿತು. ಆ ತೀರ್ಪು ಬೋಟಿನವರ ಏಜೆಂಟನ ಕೈಲಿ ಭಾನುವಳ್ಳಿಗೆ ಬಂತು. ಅರಬ್ಬಿ ಒಂದು ಕಡೆ, ಇಂಗ್ಲಿಷು ಒಂದು ಕಡೆ, ಮೇಲೆ ಕೆಳಗೆ ಮೊಹರುಗಳು. ಆ ಬೋಟಿನವರಿಂದ ಬಂದ ಪರಿಹಾರ ಅವಳಿಗೂ ಅವ್ವನಿಗೂ ಸೇರಿದ್ದು. ಅದರ ತಕರಾರು ನನಗೆ ಇಲ್ಲ, ಇರಲೂ ಇಲ್ಲ. ಓಣಿಯವರು ಏನು ಬೇಕಾದರೂ ಆಡಿಕೊಳ್ಳಲಿ.

ನನ್ನ ಅನುಮಾನವೇ ಬೇರೆ. ನನ್ನ ತಮ್ಮ ಹೇಳದೆ ಕೇಳದೆ ಹೋಗುವ ಗಿರಾಕಿ. ಮೀಸೆ ಮೂಡುವ ವಯಸ್ಸಿನಲ್ಲಿ ಒಮ್ಮೆ ಅಂಗಡಿಯಿಂದ ಟೀ ತರುತ್ತೇನೆ ಅಂತ ಹೋದವನು ತಿಂಗಳುಗಟ್ಟಲೆ ಬರಲಿಲ್ಲ. ನಾನು ಹುಬ್ಬಳ್ಳಿ, ರಾಣೆಬೆನ್ನೂರು, ಚಿತ್ರದುರ್ಗದ ಗ್ಯಾರೇಜುಗಳನ್ನೆಲ್ಲ ಜಾಲಾಡಿದೆ. ಅವ್ವ ಊಟ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಒಂದು ಚೀಲ ಪೇರಲ ಹಣ್ಣು ಹೊತ್ತುಕೊಂಡು ನಗುತ್ತಾ ಬಂದ. "ಯಾಕಣ್ಣಾ, ಹುಡುಕಿದ್ಯಾ?" ಅಂದ. ಅಂಥವನನ್ನು, ಹೆಣ ಸಿಕ್ಕಿಲ್ಲ ಅಂದಮೇಲೆ, ಯಾರೋ ಅರಬ್ಬಿಯಲ್ಲಿ ಸತ್ತ ಅಂತ ಬರೆದರೆ ನಾನು ಹೆಂಗೆ ಒಪ್ಪಲಿ?

ಎರಡನೆಯದು, ಅವಳ ಬಳೆ. ತೀರ್ಪು ಬಂದು ಊರೆಲ್ಲ ಅತ್ತು ಮುಗಿದ ಮೇಲೂ ಅವಳ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ. ಗಂಡ ಸತ್ತ ಅಂತ ಕಾಗದ ಹಿಡಿದು ಓಡಾಡುವವಳು ಮುತ್ತೈದೆಯ ಹಾಗೆ ಯಾಕೆ ಇದ್ದಾಳೆ? ಏನೋ ಗೊತ್ತಿದೆ ಇವಳಿಗೆ ಅಂತ ನನ್ನ ಮನಸ್ಸು ಹೇಳಿತು.

ಕೇಳಿಬಿಡಬಹುದಿತ್ತಲ್ಲ ಅಂತ ನೀವು ಅನ್ನಬಹುದು. ನಮ್ಮಲ್ಲಿ ಅದು ಆಗುವುದಿಲ್ಲ. ಅವಳಿಗೆ ನಾನು ಭಾವ, ಗಂಡನ ಅಣ್ಣ. ಮದುವೆಯಾಗಿ ಬಂದಾಗಿನಿಂದ ಅವಳು ನನ್ನ ಎದುರು ಕೂತಿಲ್ಲ. ನಾನು ಪಡಸಾಲೆಯಲ್ಲಿದ್ದರೆ ಅವಳು ಅಡುಗೆಮನೆಯ ಬಾಗಿಲಿಂದ ಈಚೆ ಬರುವುದಿಲ್ಲ. ನನಗೆ ಹೇಳಬೇಕಾದ್ದನ್ನು ಅವ್ವನಿಗೆ ಹೇಳುತ್ತಾಳೆ, ನಾನು ಅವಳಿಗೆ ಹೇಳಬೇಕಾದ್ದನ್ನು ಅವ್ವನಿಗೆ ಹೇಳುತ್ತೇನೆ. ಹೀಗಿರುವಾಗ ತಮ್ಮನ ಹೆಂಡತಿಯ ಕೊರಳ ತಾಳಿಯ ಮಾತನ್ನು ಭಾವನಾದವನು ಎತ್ತುವುದುಂಟೇ? ಅವಳನ್ನು ಕೇಳು ಅಂತ ನನ್ನ ಹೆಂಡತಿಗೆ ಹೇಳಿದೆ. "ಒಂದು ಹೆಣ್ಣಿಗೆ ಬಳೆ ಯಾಕ ತೆಗೆದಿಲ್ಲ ಅಂತ ಕೇಳು ಅಂತೀರಲ್ಲ, ನಾಲಿಗೆ ಹೆಂಗೆ ಬರತೈತೆ ನಿಮಗೆ?" ಅಂತ ನನಗೇ ತಿರುಗಿದಳು.

ಸಮನ್ಸು ಬಂದ ಮರುದಿನ ಭಾನುವಳ್ಳಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಏನವ್ವಾ, ನಿನ್ನ ಸೊಸಿ ನಮ್ಮಿಬ್ಬರ ಮ್ಯಾಲೂ ಕೇಸ್ ಹಾಕ್ಯಾಳ, ಗೊತ್ತೈತೇನು?"

"ಗೊತ್ತೈತೆ. ನಾನೇ ಹೆಬ್ಬೆಟ್ಟು ಒತ್ತಿ ಸಮನ್ಸ್ ತಗಂಡೀನಿ. ಅದಕ್ಕ ಅಷ್ಟು ಸಿಟ್ಟು ಯಾಕ? ಕೈಕಾಲು ತೊಳಕ."

"ಸಿಟ್ಟಲ್ಲ. ಒಂದು ಮಾತು ಹೇಳಬೇಕಿತ್ತು ಅಂತ."

ಅಡುಗೆಮನೆಯಿಂದ ಧ್ವನಿ ಬಂತು. "ಅತ್ತೀ, ಭಾವಾರಿಗೆ ಹೇಳ್ರಿ, ಕೇಸ್ ಅಂದ್ರೆ ಜಗಳ ಅಲ್ಲಂತ. ಹತ್ತಿರದೋರ ಹೆಸರು ಹಾಕದಿದ್ರೆ ಕೋರ್ಟು ತಗಳದೇ ಇಲ್ಲಂತ. ವಕೀಲರು ಹೇಳ್ಯಾರ."

"ಅವ್ವಾ, ಅವಳಿಗೆ ಹೇಳು, ಹತ್ತಿರದೋರು ಅಂತ ಕೋರ್ಟಿಗೆ ನೆನಪಾತು, ಅವಳಿಗೆ ಆಗಲಿಲ್ಲ ಅಂತ."

"ನಾನೇನು ನಿಮ್ಮಿಬ್ಬರ ನಡುವಿನ ಟೆಲಿಫೋನ್ ತಂತೇನು?" ಅಂದಳು ಅವ್ವ. "ಇಬ್ಬರಿಗೂ ಕಿವಿ ಐತೆ, ನೇರ ಕೇಳಿಸ್ಕಳ್ರಿ."

ಯಾಕೆ ಈ ಕಾಗದಕ್ಕೆ ಇಷ್ಟು ಅವಸರ ಅಂತ ಕೇಳಿದೆ. ಆಗ ಗೊತ್ತಾಯಿತು. ಓಣಿಯ ಅಂಗನವಾಡಿಯ ಟೀಚರು ಮುಂದಿನ ವರ್ಷ ನಿವೃತ್ತಿಯಾಗುತ್ತಾರೆ. ಆ ಜಾಗಕ್ಕೆ ಅರ್ಜಿ ಕರೆದಾಗ ಅದೇ ಊರಿನವಳು, ಪಿಯುಸಿ ಓದಿದವಳು, ಅದರಲ್ಲೂ ವಿಧವೆಯಾದರೆ ಮೊದಲ ಆದ್ಯತೆ. ವಿಧವೆ ಅಂತ ತಹಶೀಲ್ದಾರರ ಸರ್ಟಿಫಿಕೇಟ್ ಬೇಕು. ಅದಕ್ಕೆ ಮರಣ ಪತ್ರ ಬೇಕು. ಪರದೇಶದ ಕಾಗದ ತೋರಿಸಿದರೆ ಆಫೀಸಿನವರು ಅತ್ತಿತ್ತ ತಿರುಗಿಸಿ, "ಇದು ನಮ್ಮ ಕೋರ್ಟಿಂದಲ್ಲವ್ವ" ಅಂತ ವಾಪಸ್ ಕೊಟ್ಟಿದ್ದರಂತೆ. ವಯಸ್ಸಿನ ಮಿತಿ ಬೇರೆ ಇದೆ. ಈ ಸಲ ತಪ್ಪಿದರೆ ಮತ್ತೆ ಅವಳಿಗೆ ಆ ಬಾಗಿಲಿಲ್ಲ.

ಇದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇನ್ನೊಬ್ಬರು ನಿವೃತ್ತಿಯಾಗುವುದನ್ನು ವರ್ಷ ಮೊದಲೇ ಲೆಕ್ಕ ಹಾಕಿ, ಗಂಡನನ್ನು ಸತ್ತವನ ಸಾಲಿಗೆ ಸೇರಿಸಲು ಹೊರಟವಳು ಇನ್ನೇನೇನು ಲೆಕ್ಕ ಹಾಕಿರಬಹುದು? ಬಳೆ ಹಾಕಿಕೊಂಡೇ ವಿಧವೆಯ ಸರ್ಟಿಫಿಕೇಟು! ತಮ್ಮ ಎಲ್ಲೋ ಬದುಕಿದ್ದಾನೆ, ಇವಳಿಗೆ ಮಾತ್ರ ಗೊತ್ತು, ಇಬ್ಬರೂ ಸೇರಿ ಏನೋ ಹೂಡಿದ್ದಾರೆ ಅಂತ ಬಸ್ಸಿನಲ್ಲಿ ಹರಿಹರ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ಪೂರ್ತಿ ಕಥೆಯೇ ತಯಾರಾಗಿತ್ತು.

ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮೇಲೆ ವಕೀಲರೊಬ್ಬರ ಆಫೀಸಿದೆ. ಅವರ ಜೀಪಿನ ಪಂಪು ನೋಡುವವನು ನಾನೇ. ಮೆಟ್ಟಿಲ ಮೇಲೆ ಜ್ವರದವರು, ಕೆಮ್ಮಿನವರು ಕೂತಿದ್ದರು. ಅವರನ್ನು ದಾಟಿಕೊಂಡು ಹೋಗಿ ಸಮನ್ಸನ್ನು ಮೇಜಿನ ಮೇಲಿಟ್ಟೆ.

ಅವರು ಪೂರ್ತಿ ಓದಿ ಕನ್ನಡಕ ತೆಗೆದರು. "ನಿಮ್ಮ ತಮ್ಮನ ಹೆಂಡತಿಯ ವಕೀಲರು ಸರಿಯಾಗೇ ಹಾಕಿದಾರೆ."

"ನಾನು ಅದನ್ನ ಕೇಳಾಕ ಬಂದಿಲ್ರಿ. ಅಲ್ಲಿನ ಜಡ್ಜ್ ಬರೆದಿದ್ದು ಇಲ್ಲಿ ಹೆಂಗೆ ನಡೀತೈತೆ?"

"ನೋಡ್ರಿ, ಅಲ್ಲಿನ ಜಡ್ಜ್ ಬರೆದಿದ್ದು ನಮ್ಮ ಊರ ಬಾಗಿಲಿಗೆ ಬಂದು ನಿಲ್ಲತೈತೆ. ಒಳಗೆ ಕರೆಯೋದು, ಬಿಡೋದು ನಮ್ಮ ಕೋರ್ಟಿಗೆ ಸೇರಿದ್ದು. ದುಡ್ಡು ಕೊಡು ಅನ್ನೋ ಡಿಕ್ರಿ ಆಗಿದ್ದು, ನಮ್ಮ ಸರ್ಕಾರ ಒಪ್ಪಿದ ದೇಶದ್ದಾಗಿದ್ರೆ, ನೇರ ಜಿಲ್ಲಾ ಕೋರ್ಟಿಗೆ ಹೋಗಿ ಜಾರಿ ಮಾಡಿಕೊಡ್ರಿ ಅನ್ನಬಹುದು. ಇದು ಹಂಗಲ್ಲ. ಒಬ್ಬ ಮನುಷ್ಯ ಇದ್ದಾನೋ ಇಲ್ಲೋ ಅನ್ನೋ ತೀರ್ಪು. ಇಲ್ಲೊಂದು ದಾವೆ ಹಾಕಿ, ಆ ತೀರ್ಪನ್ನ ಮುಂದಿಟ್ಟು, ಇದನ್ನ ಒಪ್ಪಿಕೊಳ್ರಿ ಅಂತ ಕೇಳಬೇಕು. ಅವರು ಅದನ್ನೇ ಮಾಡಿದಾರೆ."

"ನಮ್ಮಲ್ಲಿ ಏಳು ವರ್ಷ ಕಾಯಬೇಕು ಅಂತಾರಲ್ಲ?"

"ಹೌದು, ಸುದ್ದಿ ಇಲ್ಲದೆ ಏಳು ವರ್ಷ ಆದ್ರೆ ಸತ್ತಿದ್ದಾನೆ ಅಂತ ಹಿಡೀಬಹುದು. ಇಲ್ಲಿ ಅಷ್ಟು ಆಗಿಲ್ಲ. ಅದಕ್ಕೇ ಅವರಿಗೆ ಆ ಪರದೇಶದ ತೀರ್ಪು ಬೇಕು. ಅದನ್ನ ಬಿಟ್ರೆ ಅವರ ಕೈಯಾಗೆ ಬ್ಯಾರೆ ಗಟ್ಟಿ ಆಧಾರ ಇಲ್ಲ."

"ಅದನ್ನ ಒಪ್ಪಬ್ಯಾಡ್ರಿ ಅಂತ ನಾನು ಹೇಳಬಹುದಾ?"

ಅವರು ಬೆರಳು ಮಡಚುತ್ತಾ ಹೇಳಿದರು. ಆ ಕೋರ್ಟಿಗೆ ಆ ವಿಷಯ ವಿಚಾರಿಸುವ ಅಧಿಕಾರ ಇರಬೇಕು. ಸುಮ್ಮನೆ ಬರೆದದ್ದಾಗಿರಬಾರದು, ಸಾಕ್ಷಿ ನೋಡಿ ಬರೆದದ್ದಾಗಿರಬೇಕು. ಮೋಸದಿಂದ ಪಡೆದದ್ದಾಗಿರಬಾರದು. ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಲು ಅವಕಾಶ ಸಿಕ್ಕಿರಬೇಕು.

ಕೊನೆಯದನ್ನು ನಾನು ಹಿಡಿದುಕೊಂಡೆ. "ನನ್ನ ಯಾರೂ ಕೇಳಿಲ್ರಿ."

"ಆಂ?"

"ಒಡಹುಟ್ಟಿದೋನು ನಾನು. ಅವನಿಗೆ ಕೆಲಸ ಕಲಿಸಿದೋನು ನಾನು. ಪಾಸ್‌ಪೋರ್ಟ್ ಮಾಡಿಸಿ ಕಳಿಸಿದೋನು ನಾನು. ನಿನ್ನ ತಮ್ಮ ಸತ್ತಾನ ಅಂತ ಬರೀತಾ ಇದೀವಿ, ನಿನಗೇನರ ಹೇಳಾದೈತಾ ಅಂತ ಒಂದು ಮಾತು ನನ್ನ ಕೇಳಿಲ್ಲ."

ವಕೀಲರು ನನ್ನನ್ನೇ ನೋಡಿದರು. "ಅದು ಗಟ್ಟಿ ತಕರಾರಲ್ಲ ಯಜಮಾನ್ರೇ. ಹೆಂಡತಿಗೂ ತಾಯಿಗೂ ತಿಳಿಸಿದ್ರೆ ಸಾಕು ಅಂತಾರೆ."

"ಗಟ್ಟಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಹಾಕ್ರಿ."

ಅವರು ಹಾಕಿದರು. ಹಾಕುವ ಮುಂಚೆ ಇನ್ನೊಂದು ಕೇಳಿದರು. "ಮೋಸ ಅಂತ ನಿಮ್ಮ ಮನಸಿನಾಗೆ ಐತಾ?" ನಾನು ಬಳೆಯ ವಿಷಯ ಹೇಳಿದೆ. ನಾನು ಅವಳನ್ನು ಕೇಳುವ ಹಾಗಿಲ್ಲ, ನೀವು ಕೋರ್ಟಿನಲ್ಲಿ ಕೇಳಿರಿ ಅಂದೆ. ಅವರು ಪೆನ್ನು ಕಚ್ಚಿದರು. "ಕೇಳಬಹುದು," ಅಂದರು, ಅಷ್ಟೇನೂ ಇಷ್ಟವಿಲ್ಲದವರ ಹಾಗೆ.

ಆ ಪರದೇಶದ ತೀರ್ಪನ್ನು ಅವರು ನನಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಬದುಕಿದವರಲ್ಲಿ ಒಬ್ಬ ಹೊನ್ನಾವರದ ಕಡೆಯವನು, ಬೋಟಿನ ಅಡುಗೆಯವನು. ಅವನ ಸಾಕ್ಷಿ ಹೀಗಿತ್ತು: ಮೆಕ್ಯಾನಿಕ್ ಕೆಳಗೆ ಎಂಜಿನ್ನಿನ ಹತ್ತಿರ ಇದ್ದ, ಬೋಟು ಮಗುಚಿತು, ಅವನು ಮೇಲೆ ಬರಲಿಲ್ಲ. ಏಜೆಂಟನನ್ನು ಕಾಡಿ ಅವನ ಫೋನ್ ನಂಬರು ಸಂಪಾದಿಸಿ ನಾನೇ ಫೋನ್ ಮಾಡಿದೆ. ಯಾರು, ಏನು ಅಂತ ಹೇಳಿದೆ. ಆ ಕಡೆ ಉಸಿರೆಳೆದ ಸದ್ದು ಕೇಳಿಸಿತು.

"ಅವ್ರು ಕೆಳಗೆ ಎಂಜಿನ್ ಹತ್ರ ಇದ್ರು ಅಣ್ಣ. ಬೋಟ್ ಮಗಚ್ತು. ಅವ್ರು ಮೇಲೆ ಬರ್ಲಿಲ್ಲ."

"ನೀನು ಎಲ್ಲಿದ್ದೆಪ್ಪಾ?"

"ಮೇಲೆ. ಅವ್ರು ಕೆಳಗೆ ಎಂಜಿನ್ ಹತ್ರ ಇದ್ರು."

"ಬ್ಯಾರೆ ಬೋಟಿನೋರು ಯಾರಾದ್ರೂ ಎತ್ತಿಕಂಡಿರಬಹುದಾ?"

"ಅವ್ರು ಮೇಲೆ ಬರ್ಲಿಲ್ಲ ಅಣ್ಣ."

ಏನು ಕೇಳಿದರೂ ಅದೇ ಮಾತು, ಅದೇ ಸಾಲು. ನನಗೆ ಮೈ ಉರಿಯಿತು. ಯಾರೋ ಬಾಯಿಪಾಠ ಮಾಡಿಸಿದ್ದಾರೆ ಅಂತ ವಕೀಲರಿಗೆ ಹೇಳಿದೆ. "ಪೊಲೀಸಿಗೆ, ಕೋರ್ಟಿಗೆ, ಏಜೆಂಟನಿಗೆ, ಸತ್ತೋರ ಮನೆಯೋರಿಗೆಲ್ಲ ಅದನ್ನೇ ಹೇಳಿ ಹೇಳಿ ಬಾಯಿಪಾಠ ಆಗಿರತೈತೆ ಯಜಮಾನ್ರೇ" ಅಂದರು. ಅವರ ಮೇಲೂ ನನಗೆ ಅನುಮಾನ ಬಂತು. ಆ ಕಡೆಯ ವಕೀಲರೂ ಇವರೂ ಕೋರ್ಟಿನ ಕ್ಯಾಂಟೀನಿನಲ್ಲಿ ಒಂದೇ ಟೇಬಲ್ಲಿಗೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದುದನ್ನು ಆಮೇಲೆ ನನ್ನ ಕಣ್ಣಾರೆ ನೋಡಿದ್ದೇನೆ.

ಆ ತಿಂಗಳುಗಳಲ್ಲಿ ಅವಳು ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಾಳೆ ಅಂತ ಅವ್ವನನ್ನು ಸುತ್ತಿ ಬಳಸಿ ಕೇಳಿದೆ. "ಅವರವ್ವನ ಜೊತೆ. ಇನ್ನೇನು, ಮಂತ್ರಿಗಳ ಜೊತೆ ಮಾತಾಡ್ತಾಳಾ?" ಅಂದಳು. ಪೋಸ್ಟಿನಲ್ಲಿ ಏನಾದರೂ ಬರುತ್ತದಾ ಅಂತ ಕೇಳಿದೆ. "ನಿನ್ನ ಸಮನ್ಸು ಬರತೈತೆ" ಅಂದಳು.

ವಿಚಾರಣೆಗೆ ಹರಿಹರಕ್ಕೆ ಹೋಗುವ ದಿನ ಅವ್ವ ಬರಲಿಲ್ಲ. "ನನ್ನ ಮಗ ಸತ್ತಾನೋ ಇದ್ದಾನೋ ಅಂತ ಹೇಳಾಕ ನಾನು ಬಸ್ಸು ಹತ್ತಬೇಕಾ?" ಅಂದಳಂತೆ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಉಗುರಿನ ಸಂದಿಯ ಎಣ್ಣೆಯನ್ನು ಸೋಪಿನ ಪುಡಿಯಲ್ಲಿ ತಿಕ್ಕಿ ತೊಳೆದು ಹೋದೆ. ಕೋರ್ಟಿನ ಪಡಸಾಲೆಯಲ್ಲಿ ಅವಳು ಆ ಕಡೆಯ ಬೆಂಚಿನ ಮೂಲೆಯಲ್ಲಿ ನಿಂತಿದ್ದಳು, ನಾನು ಇದ್ದೇನೆ ಅಂತ ಕೂತಿರಲಿಲ್ಲ. ಹಣೆಯಲ್ಲಿ ಕಾಸಗಲ ಕುಂಕುಮ. ಅವಳ ವಕೀಲರು ಅವಳಿಗೆ ಏನೋ ಪಿಸುಗುಡುತ್ತಾ ಕೈಯನ್ನು ಹಣೆಯ ಕಡೆ ತೋರಿಸಿದರು. ಅವಳು ತಲೆಯಲ್ಲಾಡಿಸಿ ಇಲ್ಲ ಅಂದಳು. ಅದು ನನ್ನ ಕಣ್ಣಿಗೆ ಬಿತ್ತು. ಅಳಿಸಿಕೊಂಡು ಬಾ ಅಂದಿದ್ದಾರೆ, ಇವಳು ಒಪ್ಪಿಲ್ಲ. ಸುಳ್ಳು ಸಾಕ್ಷಿ ಹೇಳಲು ಬಂದರೂ ಕುಂಕುಮ ಅಳಿಸಲು ಇವಳಿಗೆ ಧೈರ್ಯ ಬಂದಿಲ್ಲ ಅಂದುಕೊಂಡೆ.

ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದಳು. ಆ ತೀರ್ಪನ್ನು, ಮೊಹರುಗಳನ್ನು, ಭಾಷಾಂತರವನ್ನು ತೋರಿಸಿದರು. ಆಮೇಲೆ ನನ್ನ ವಕೀಲರು ಎದ್ದರು.

"ನಿಮ್ಮ ಗಂಡ ತೀರಿಹೋಗಿದ್ದಾರೆ ಅಂತ ಹೇಳ್ತಾ ಇದೀರಿ."

"ಹೌದ್ರಿ."

"ಕೈಯಲ್ಲಿ ಬಳೆ ಇವೆ. ಹಣೆಯಲ್ಲಿ ಕುಂಕುಮ ಇದೆ. ಕೊರಳಲ್ಲಿ ತಾಳಿ ಇದೆ. ನಿಮ್ಮ ಪದ್ಧತಿಯಲ್ಲಿ ಗಂಡ ತೀರಿಹೋದ ಹೆಂಗಸರು ಇವನ್ನು ತೆಗೀತಾರೋ ಇಲ್ಲವೋ?"

"ತೆಗೀತಾರ್ರಿ."

"ಹಾಗಾದರೆ ಗಂಡ ಬದುಕಿದ್ದಾರೆ ಅಂತ ನಿಮಗೆ ಗೊತ್ತಿರೋದರಿಂದಲೇ ನೀವು ತೆಗೆದಿಲ್ಲ ಅಂತ ನಾನು ಹೇಳ್ತೀನಿ. ಸರಿಯಾ?"

ಅವಳು ವಕೀಲರನ್ನು ಬಿಟ್ಟು ಜಡ್ಜ್ ಸಾಹೇಬರ ಕಡೆ ತಿರುಗಿದಳು.

"ಇವು ನನ್ನವಲ್ರಿ. ನಮ್ಮತ್ತಿವು."

"ಬಿಡಿಸಿ ಹೇಳಮ್ಮ" ಅಂದರು ಜಡ್ಜ್.

"ಆ ದೇಶದ ಕಾಗದ ಬಂದ ದಿನ ಓಣಿಯೋರು ಬಳೆ ಒಡೆಯಾಕ ಬಂದಿದ್ರು. ನಮ್ಮತ್ತಿ ಬಾಗಿಲಿಗೆ ಅಡ್ಡ ಕೂತ್ರು. ನೀನು ಬರೇ ಕೊರಳಾಗ ನನ್ನ ಕಣ್ಣ ಮುಂದ ಓಡಾಡಿದ್ರೆ ನಾನು ದಿನಾ ಬೆಳಗಾದ್ರೆ ಮಗನ್ನ ಮಣ್ಣು ಮಾಡಿದಂಗ ಆಗತೈತೆ, ನಾನಿರಾವರೆಗೂ ತೆಗೀಬ್ಯಾಡ ಅಂದ್ರು. ತೆಗೆದಿಲ್ಲ. ಮಂದಿ ಏನಂತಾರ ಅಂತ ಗೊತ್ತೈತ್ರಿ. ಭಾವಾರು ಏನಂತಾರ ಅಂತಾನೂ ಗೊತ್ತೈತೆ."

ನನ್ನ ವಕೀಲರು ನನ್ನ ಕಡೆ ತಿರುಗಿ ನೋಡಿದರು. ನಾನು ಮುಂದಿನದನ್ನು ಕೇಳಿರಿ ಅಂತ ಕಣ್ಣಲ್ಲೇ ಹೇಳಿದೆ. ಅತ್ತೆಯ ಹೆಸರು ಹೇಳಿದರೆ ಯಾರು ತಾನೇ ಮರುಮಾತಾಡುತ್ತಾರೆ ಅಂತ ಇದನ್ನೂ ಅವಳು ಮೊದಲೇ ಜೋಡಿಸಿಟ್ಟುಕೊಂಡಿರಬಹುದು ಅನ್ನುವ ಯೋಚನೆ ಆಗಲೂ ನನ್ನ ತಲೆಯಲ್ಲಿ ಬಂದು ಹೋಯಿತು.

"ಹೆಣ ನೋಡಿಲ್ಲ. ಹಾಗಿದ್ದರೂ ಗಂಡ ತೀರಿಹೋಗಿದ್ದಾರೆ ಅಂತ ನಿಮಗೆ ಖಾತ್ರಿ ಇದೆಯಾ?"

"ಐತ್ರಿ."

"ಹೇಗೆ? ಆ ದೇಶದ ಕೋರ್ಟು ಬರೆದಿದೆ ಅಂತಾನಾ?"

"ಅದು ಅಂಗನವಾಡಿ ಆಫೀಸಿನೋರಿಗೆ. ನನಗಲ್ಲ." ಸೆರಗನ್ನು ಎಳೆದುಕೊಂಡಳು. "ಅವರು ಬೋಟಿನಾಗ ಎಂಜಿನ್ ಸದ್ದು ಒಂಚೂರು ಬದಲಾದ್ರೂ ಭಾವಾರಿಗೆ ಫೋನ್ ಹಚ್ಚಿ, ಆ ಫೋನ್ ಎಂಜಿನ್ನಿಗೆ ಹಿಡಿದು ಕೇಳಿಸ್ತಿದ್ರು. ಅಣ್ಣಾ, ಏನಾಗೈತೆ ಹೇಳು ಅಂತ. ಭಾವಾರು ಇಲ್ಲಿ ಕೂತು ಹೇಳೋರು. ನನಗೆ ಫೋನ್ ಮಾಡಾದು ಮರೆತ್ರೂ ಮರೆತಾರು, ಅದನ್ನ ಮರೆತೋರಲ್ಲ. ಅವರು ಎಲ್ಲೇ ಇದ್ದಿದ್ರೂ, ಯಾವ ಎಂಜಿನ್ ಮುಂದ ಕೂತಿದ್ರೂ, ಭಾವಾರಿಗೆ ಫೋನ್ ಬರಬೇಕಿತ್ತು. ಬಂದೈತೇನು ಅಂತ ಭಾವಾರನ್ನೇ ಕೇಳ್ರಿ."

ಅದು ನಿಜ. ಅವನು ಹಾಗೆ ಮಾಡುತ್ತಿದ್ದ. ನಾನು ಅಂಗಡಿಯಲ್ಲಿ ಎಲ್ಲರಿಗೂ ಸುಮ್ಮನಿರಲು ಹೇಳಿ, ಫೋನನ್ನು ಕಿವಿಗೆ ಒತ್ತಿ, ಸಮುದ್ರದ ನಡುವಿನ ಎಂಜಿನ್ನಿನ ಸದ್ದು ಕೇಳುತ್ತಿದ್ದೆ. ಗಿರಾಕಿಗಳಿಗೆ ಅದೊಂದು ತಮಾಷೆ, ನನಗೊಂದು ಹೆಮ್ಮೆ. ನಾಝಲ್ ನೋಡು ಅನ್ನುತ್ತಿದ್ದೆ, ಡೀಸೆಲ್ ಪೈಪಿಗೆ ಗಾಳಿ ಹಿಡಿದಿದೆ ತೆಗಿ ಅನ್ನುತ್ತಿದ್ದೆ. ಆ ಕಡೆಯಿಂದ ಒಂದು ನಗು. ಇಷ್ಟೆಲ್ಲ ಅನುಮಾನ ಪಟ್ಟ ನಾನು, ಬಳೆ ಎಣಿಸಿದ ನಾನು, ಅಡುಗೆಯವನ ಮಾತು ತೂಗಿದ ನಾನು, ಆ ಫೋನು ನಿಂತುಹೋಗಿದ್ದನ್ನು ಮಾತ್ರ ಒಂದು ಕಡೆ ತಳ್ಳಿಟ್ಟಿದ್ದೆ. ತಲೆಮರೆಸಿಕೊಂಡವನು ನಾಚಿಕೆಗೆ ಫೋನ್ ಮಾಡುತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮಧ್ಯಾಹ್ನದ ಮೇಲೆ ನನ್ನ ಸರದಿ ಬಂತು.

"ಪರದೇಶದ ತೀರ್ಪನ್ನು ಒಪ್ಪಬಾರದು ಅಂತ ನಿಮ್ಮ ತಕರಾರಿದೆ. ಯಾಕೆ?" ಅಂತ ಜಡ್ಜ್ ಸಾಹೇಬರೇ ಕೇಳಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

"ಅಲ್ಲಿ ನನ್ನ ಯಾರೂ ಕೇಳಿಲ್ಲ ಸ್ವಾಮಿ."

"ಕೇಳಿದ್ದರೆ ಏನು ಹೇಳ್ತಿದ್ರಿ?"

ಇಷ್ಟು ತಿಂಗಳು ಕೇಳಲಿಲ್ಲ ಕೇಳಲಿಲ್ಲ ಅಂದವನು, ಕೇಳಿದರೆ ಏನು ಹೇಳಬೇಕು ಅಂತ ಯೋಚಿಸಿಯೇ ಇರಲಿಲ್ಲ.

"ಈಗ ನಾವು ಕೇಳ್ತಾ ಇದೀವಿ" ಅಂದರು. "ನಿಮ್ಮ ತಮ್ಮನಿಂದ ಫೋನ್ ಬಂದಿದೆಯಾ?"

"ಇಲ್ಲ."

"ಅವರು ಎಲ್ಲಾದರೂ ಇದ್ದಾರೆ ಅಂತ ಯಾರಾದರೂ ಹೇಳಿದ್ದಾರಾ? ನೋಡಿದ್ದಾರಾ?"

"ಇಲ್ಲ ಸ್ವಾಮಿ."

"ಹಾಗಿದ್ದರೆ ನಿಮ್ಮ ತಕರಾರು?"

"ಕೇಳಿದ್ರಲ್ಲ ಸ್ವಾಮಿ" ಅಂದೆ. "ಸಾಕು."

ಅವರಿಗೆ ಅರ್ಥವಾಯಿತೋ ಇಲ್ಲವೋ. ಟೈಪಿನವರು ಏನು ಬರೆಯಬೇಕು ಅಂತ ತಲೆ ಎತ್ತಿದರು. 'ಎರಡನೇ ಪ್ರತಿವಾದಿ ತಮ್ಮ ತಕರಾರನ್ನು ಮುಂದುವರಿಸಲು ಇಚ್ಛಿಸುವುದಿಲ್ಲ' ಅಂತ ಜಡ್ಜ್ ಹೇಳಿ ಬರೆಸಿದರು. ನಾನು ಹೇಳಿದ್ದು ಅದಲ್ಲ. ತಿದ್ದಿಸಬಹುದಿತ್ತು. ಹೋಗಲಿ ಅಂತ ಸುಮ್ಮನಾಗಿ ಸೈನ್ ಹಾಕಿದೆ.

ಹೊರಗೆ ಬಂದಾಗ ಅವಳು ಬೇವಿನ ಮರದ ಕೆಳಗೆ ನಿಂತಿದ್ದಳು. ಮಾತಿಗೆ ನಡುವೆ ಅವ್ವ ಇರಲಿಲ್ಲ.

"ಭಾನುವಳ್ಳಿ ಬಸ್ಸು ಈಗ ಬರತೈತೆ" ಅಂದೆ ಮರಕ್ಕೆ ಹೇಳುವವನ ಹಾಗೆ.

"ಹೂಂ" ಅಂದಳು. "ಭಾವಾ, ನೀವು ನಂಬಿದ್ರಾ?" ಅಂದಳು. ನೇರವಾಗಿ ನನ್ನನ್ನೇ ಕೇಳಿದ್ದಳು.

"ಆ ಕಾಗದಾನಾ? ಇಲ್ಲ."

"ನಾನು ಕಾಗದದ ಮಾತು ಕೇಳಲಿಲ್ಲ."

ಬಸ್ಸು ಬಂತು. ಹತ್ತಿ ಹೋದಳು. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ.

ತೀರ್ಪಾಯಿತು. ಪರದೇಶದ ತೀರ್ಪು ಅಧಿಕಾರವಿದ್ದ ಕೋರ್ಟು ಸಾಕ್ಷಿ ನೋಡಿ ಬರೆದದ್ದು, ಅದನ್ನು ಒಪ್ಪದಿರಲು ಕಾರಣ ಕಾಣುವುದಿಲ್ಲ ಅಂತ ಹರಿಹರದ ಕೋರ್ಟು ಬರೆಯಿತು. ಮರಣ ಪತ್ರವೂ ಬಂತು. ವಿಧವೆಯ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಳು. ವಿಲೇಜ್ ಅಕೌಂಟೆಂಟು ಮನೆಗೆ ಬಂದು ವಿಚಾರಿಸಿ ವರದಿ ಕೊಡಬೇಕು, ಸಾಕ್ಷಿಗೆ ಬಂಧುಗಳು ಬೇಕು. ನನಗೆ ಯಾರೂ ಬಾ ಅನ್ನಲಿಲ್ಲ. ದಿನ ತಿಳಿದುಕೊಂಡು ನಾನೇ ಹೋದೆ.

ಅಕೌಂಟೆಂಟು ಚಿಕ್ಕ ವಯಸ್ಸಿನವನು. ಅವಳನ್ನು ನೋಡಿ ಪೆನ್ನು ಕೆಳಗಿಟ್ಟ. "ಏನಮ್ಮ ಇದು? ವಿಧವೆ ಅಂತ ಅರ್ಜಿ ಹಾಕಿ ಮುತ್ತೈದೆ ಹಂಗೆ ನಿಂತಿದೀರಿ? ಸಾಹೇಬರು ನನ್ನ ಬೈತಾರೆ. ಫೋಟೋದಲ್ಲೂ ಬೊಟ್ಟು ಇದೆ. ಅದನ್ನಾದರೂ ತೆಗೆಸಿ ಬೇರೆ ಫೋಟೋ ಕೊಡಿ."

ಅವಳು ಬಾಗಿಲಲ್ಲಿ ನಿಂತಿದ್ದಳು. ಮಂಚದ ಮೇಲಿದ್ದ ಅವ್ವ ತಲೆ ಎತ್ತಿದಳು. "ಯಾರಪ್ಪ ನೀನು? ನನ್ನ ಸೊಸಿ ಹಣಿ ನೋಡಾಕ ಸರ್ಕಾರ ಸಂಬಳ ಕೊಡತೈತೇನು ನಿನಗೆ?"

"ಅಲ್ಲಜ್ಜಿ, ರೂಲ್ಸ್..."

"ಕೋರ್ಟು ಏನು ಬರೆದೈತೋ ಅಷ್ಟು ಬರ್ಕೋಪ್ಪಾ" ಅಂದೆ ನಾನು. "ಅದರಾಗ ಬಳೆ ಸುದ್ದಿ ಇಲ್ಲ, ಬೊಟ್ಟಿನ ಸುದ್ದಿ ಇಲ್ಲ. ಬೇಕಾದ್ರೆ ಓದು. ಜಡ್ಜ್ ಸಾಹೇಬರು ಇದನ್ನೆಲ್ಲ ಕೇಳಿ, ಕಣ್ಣಾರೆ ನೋಡೇ ಬರೆದಾರೆ. ನೀನು ಅವರಿಗಿಂತ ದೊಡ್ಡೋನೇನು?"

ಅವನು ಗೊಣಗಿಕೊಂಡು ಪೆನ್ನು ತೆಗೆದುಕೊಂಡ. ಒಂದೊಂದೇ ಕೇಳಿ ಬರೆದ. ಅರ್ಜಿದಾರರ ಹೆಸರು, ವಯಸ್ಸು, ಓದು. ಕೊನೆಗೆ ಸಾಕ್ಷಿ ಅನ್ನುವ ಕಡೆಗೆ ಬಂದು, ತಲೆ ಎತ್ತದೆಯೇ ನನ್ನನ್ನು ಕೇಳಿದ.

"ಮೃತನಿಗೆ ನೀವು ಏನಾಗಬೇಕು?"

ಅವ್ವ ಮಂಚದ ಮೇಲೆ ಆ ಕಡೆ ತಿರುಗಿ ಮಲಗಿದ್ದಳು. ಅವಳಿಗೆ ಕೇಳಿಸದ ಹಾಗೆ, ಅವನ ಕಡೆ ಬಗ್ಗಿ, ಸಣ್ಣ ಧ್ವನಿಯಲ್ಲಿ ಹೇಳಿದೆ.

"ಅಣ್ಣ."